ಭಟ್ಟರ ಹಿತ್ತಾಳೆ ಕಾಲುಕಟ್ಟು

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಈ ಮೂರು ತಾಲ್ಲೂಕುಗಳಲ್ಲಿ ಯಾರ ಮನೆಯ ಮದುವೆಯಲ್ಲಿ ಯಾವ ಬೀಗರು ಹಸಿದು ಎದ್ದರು ಎಂಬ ಹಳೆಯ ವ್ಯಾಜ್ಯವೆಲ್ಲ ಮೇಲಕ್ಕೆ ಬಂದು, ಈಗ ಹೇಗೋ ರಾಜಿಯಾಗಿರುವ ಸಂಬಂಧಗಳು ಮತ್ತೊಮ್ಮೆ ಮುರಿದಾವು. ಭಟ್ಟರು ಎಂದರೆ ಸಾಕು. ಕೋಟೆ ತಾಲ್ಲೂಕಿನ ಕಡೆಯಿಂದ ಬರುವ ಬಸ್ಸಿನ ಕಂಡಕ್ಟರು ಹೋದ ತಿಂಗಳು, "ಭಟ್ರು ಓಗ್ಬುಟ್ರು ಕಣ್ರೀ ಮೇಷ್ಟ್ರೇ" ಎಂದಾಗ ಯಾವ ಭಟ್ಟರು ಎಂದು ನಾನು ಕೇಳಬೇಕಾಗಲಿಲ್ಲ. ಅವರ ಹೆಂಡತಿ ಸಾವಿತ್ರಮ್ಮನವರು ಅವರಿಗಿಂತ ಮೊದಲೇ ತೀರಿಕೊಂಡಿದ್ದರು. ಆದ್ದರಿಂದ ಇದನ್ನು ಬರೆಯಲು ಈಗ ಅಡ್ಡಿಯಿಲ್ಲ.

ಆ ಕಾಲದಲ್ಲಿ ಮೈಸೂರು ಸಂಸ್ಥಾನವನ್ನು ನಡೆಸಲು ದಿವಾನರಿದ್ದರು, ತಾಲ್ಲೂಕನ್ನು ನಡೆಸಲು ಅಮಲ್ದಾರರಿದ್ದರು, ಮಿಡ್ಲ್ ಸ್ಕೂಲನ್ನು ನಡೆಸದೆ ಇರಲು ನಾವು ಕೆಲವರು ಉಪಾಧ್ಯಾಯರಿದ್ದೆವು. ಮದುವೆ ಮನೆಯ ಅಡಿಗೆ ಕೊಟ್ಟಿಗೆಯಲ್ಲಿ ಮಾತ್ರ ಈ ಯಾರ ಅಧಿಕಾರವೂ ನಡೆಯುತ್ತಿರಲಿಲ್ಲ. ಅಲ್ಲಿ ಭಟ್ಟರು. ಒದ್ದೆ ಪಂಚೆ, ಹೊಗೆ ಹಿಡಿದ ಜನಿವಾರ, ಕೈಯಲ್ಲಿ ಸಾರು ಕದಡುವ ಹುಟ್ಟು. ನಮ್ಮ ಬೀದಿಯಲ್ಲಿ, ನನ್ನ ಮನೆಗೆ ಎದುರು ಮನೆ ಅವರದು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಮಕ್ಕಳಿರಲಿಲ್ಲ. ಊರಿನ ಮಕ್ಕಳ ಮದುವೆಗಳನ್ನೆಲ್ಲ ಅವರೇ ಮಾಡಿಸಿದರೆಂದು ಹೇಳಬಹುದು. ಕನ್ಯಾದಾನ ಒಂದನ್ನು ಬೇರೆಯವರು ಮಾಡುತ್ತಿದ್ದರು, ಅಷ್ಟೆ.

ಅವರ ಹಿರಿಮೆ ಏನೆಂದು ಅನ್ಯರಿಗೆ ತಿಳಿಯಬೇಕಾದರೆ ಉಪ್ಪಿನ ವಿಚಾರ ಹೇಳಬೇಕು. ಮಡಿ ಅಡಿಗೆಯವನು ರುಚಿ ನೋಡುವಂತಿಲ್ಲ. ದೇವರಿಗೆ ನೈವೇದ್ಯವಾಗಿ ಪಂಕ್ತಿ ಉಂಡೇಳುವ ಮೊದಲು ಒಂದು ತೊಟ್ಟು ನಾಲಗೆಗೆ ಸೋಕಿದರೂ ಹಂಡೆಯಷ್ಟೂ ಎಂಜಲು. ಆದ್ದರಿಂದ ಹಂಡೆ ಹಂಡೆ ಸಾರಿಗೆ ಉಪ್ಪು ಬೀಳುವುದು ಅಂದಾಜಿನ ಮೇಲೆ. ಮಿಕ್ಕ ಅಡಿಗೆಯವರು ಅಂದಾಜು ಮಾಡಿ ದೇವರ ಮೇಲೆ ಭಾರ ಹಾಕಿ ಕುಳಿತುಬಿಡುತ್ತಿದ್ದರು. ಭಟ್ಟರು ಕೂರುತ್ತಿರಲಿಲ್ಲ. ತಾವು ಬೇಯಿಸಿದ ಸಾರನ್ನು ತಾವೇ ಕೈಗೆತ್ತಿಕೊಂಡು ಮೊದಲ ಪಂಕ್ತಿಯ ಉದ್ದಕ್ಕೂ ಬಡಿಸುತ್ತ ನಡೆದು, ತಿರುಗಿ ಬರುವಾಗ ಉಣ್ಣುವವರ ಮುಖಗಳನ್ನು ನೋಡಿಕೊಂಡು ಬರುವರು. ಮೊದಲ ತುತ್ತು ಬಾಯಿಗೆ ಹೋದ ಮುಖಗಳು. ಆ ಒಂದು ನಡಿಗೆಯಲ್ಲಿ ಅವರಿಗೆ ಎಲ್ಲ ತಿಳಿಯುತ್ತಿತ್ತು. ಒಳಗೆ ಹೋಗಿ ಉಪ್ಪನ್ನೋ ನೀರನ್ನೋ ಹಾಕಿ ಕದಡಿ ಎರಡನೆಯ ಸಲ ತರುವ ಹೊತ್ತಿಗೆ ಸಾರು ಸಾರಾಗಿರುತ್ತಿತ್ತು. ಉಂಡವರಿಗೆ ಮೊದಲಿನ ತಪ್ಪು ತಿಳಿಯುವ ಮುಂಚೆಯೇ ಅದು ಮಾಯ.

"ನಂದು ಒಂದು ನಾಲಗೆ ಮೇಷ್ಟ್ರೇ. ಪಂಕ್ತೀಲಿ ಇನ್ನೂರು ನಾಲಗೆ ಕೂತಿರುತ್ತೆ. ಯಾವುದು ದೊಡ್ಡದು?" ಎನ್ನುವರು. "ಕಡಮೆಯಾದ್ರೆ ಹುಬ್ಬಿನಲ್ಲಿ ಗೊತ್ತಾಗುತ್ತೆ, ಹೆಚ್ಚಾದ್ರೆ ಗಂಟಲಲ್ಲಿ."

"ಅಮಲ್ದಾರ್ರು ಕೂತಿದ್ರೆ ಅವರದೂ ಗೊತ್ತಾಗುತ್ತೇನು?"

"ಅದು ಸರ್ಕಾರದ ಮುಖ ಕಣಯ್ಯ, ಅದರಲ್ಲಿ ಏನೂ ಕಾಣಿಸೋಲ್ಲ. ಪಕ್ಕದಲ್ಲಿ ಕೂತಿರೋ ಗುಮಾಸ್ತೆ ಮುಖ ನೋಡ್ಬೇಕು."

ಒಮ್ಮೆ ನಾನು ಪರೀಕ್ಷೆ ಮಾಡುವ ಉದ್ದೇಶದಿಂದ, ಪಾಠ ಕೇಳುವ ಹುಡುಗರಿಂದ ಕಲಿತಿದ್ದ ನಿರ್ಭಾವ ಮುಖವನ್ನು ಧರಿಸಿ ಪಂಕ್ತಿಯಲ್ಲಿ ಕುಳಿತೆ. ಭಟ್ಟರು ನನ್ನ ಎಲೆಯ ಮುಂದೆ ನಿಂತು, "ನಾಟಕ ಬೇಡ ಮೇಷ್ಟ್ರೇ, ನುಂಗಿ" ಎಂದರು. ಸುತ್ತ ಕುಳಿತಿದ್ದವರು ನಕ್ಕ ನಗೆಗೆ ನನಗೆ ಅನ್ನ ನೆತ್ತಿಗೆ ಹತ್ತಿತು.

ಅವರಿಗೆ ಲಕ್ವ ಹೊಡೆದದ್ದು ಆಷಾಢದಲ್ಲಿ. ರೋಗಕ್ಕೂ ಮುಹೂರ್ತ ಗೊತ್ತಿದ್ದಿರಬೇಕು, ಲಗ್ನಗಳಿಲ್ಲದ ತಿಂಗಳನ್ನೇ ಆರಿಸಿಕೊಂಡಿತು. ಬಚ್ಚಲಿನಿಂದ ಎದ್ದವರು ಹಾಗೆಯೇ ಎಡಕ್ಕೆ ಕುಸಿದರು. ಬಾಯಿ ಸೊಟ್ಟಗಾಗಿ ಕೆಲವು ವಾರಗಳಲ್ಲಿ ನೆಟ್ಟಗಾಯಿತು. ಎಡಗೈ ಬಂತು. ಎಡಗಾಲೂ ಬಂತು, ಪಾದವೊಂದು ಬರಲಿಲ್ಲ. ಕಾಲೆತ್ತಿದರೆ ಪಾದ ಮುಂದಕ್ಕೆ ಜೋಲುಬಿದ್ದು ಬೆರಳ ತುದಿ ನೆಲವನ್ನು ಗೀಚುತ್ತಿತ್ತು. ನಡೆದು ಹೋದ ದಾರಿಯಲ್ಲಿ, ಧೂಳಿನ ಮೇಲೆ, ಯಾರೋ ಕೋಲು ಎಳೆದುಕೊಂಡು ಹೋದ ಗೆರೆ. ಅದೇ ಕಾಲಿನಲ್ಲಿ ಸ್ಪರ್ಶವೂ ಅರ್ಧಕ್ಕರ್ಧ ಹೋಗಿತ್ತು. ಸಿಹಿಮೂತ್ರವೂ ಇದೆಯೆಂದು ವೈದ್ಯರು ಹೇಳಿದರು. ಜನ್ಮದಲ್ಲಿ ತಾವು ಮಾಡಿದ ಲಾಡು ಬಿಸಿಯಿರುವಾಗ ತಿಂದವರಲ್ಲ, ಅವರಿಗೆ ಆ ರೋಗ.

ಮಾಘದಲ್ಲಿ ಮೊದಲ ಲಗ್ನ ರಾವಂದೂರಿನಲ್ಲಿ. ಸಾವಿತ್ರಮ್ಮನವರು ಬೇಡವೆಂದರು. ಜೊತೆಯಲ್ಲಿ ವರ್ಷಗಟ್ಟಲೆ ದುಡಿದಿದ್ದ ಎರಡನೆಯ ಅಡಿಗೆಯವ ಶಾಮಣ್ಣನೂ, "ಬಡಿಸೋದು ನಮಗೆ ಬಿಡಿ ಭಟ್ರೇ, ನೀವು ಒಲೆ ಮುಂದೆ ಕೂತು ಬಯ್ತಾ ಇರಿ, ಸಾಕು" ಎಂದ. ಅವರು ಕೇಳಲಿಲ್ಲ. ಸಾರು ಹಿಡಿದು ಎಲೆಗಳ ನಡುವಿನ ಕಿರಿದಾದ ದಾರಿಯಲ್ಲಿ ಹೊರಟರು. ಅರ್ಧ ದಾರಿಯಲ್ಲಿ ಎಡಪಾದದ ಬೆರಳು ಗಂಡಿನ ಸೋದರಮಾವನ ಎಲೆಯ ಅಂಚಿಗೆ ತಗಲಿ ಎಲೆ ತಿರುಗಿತು.

ಕಾಲು ತಾಗಿದ ಎಲೆಯಲ್ಲಿ ಯಾರು ಉಂಡಾರು? ಸೋದರಮಾವ ಎದ್ದುನಿಂತ. ಪಂಕ್ತಿಯಲ್ಲಿ ಒಬ್ಬ ನಡುವೆ ಎದ್ದರೆ ಪಂಕ್ತಿ ಮುರಿದಂತೆ. ಪಕ್ಕದವನು ಎದ್ದ, ಅವನ ಪಕ್ಕದವನು ಎದ್ದ, ಹೀಗೆ ಸಾಲು ಸಾಲೇ, ಕಲಸಿದ ಅನ್ನವನ್ನು ಎಲೆಯಲ್ಲೇ ಬಿಟ್ಟು ಎದ್ದಿತು. ನಾನೂ ಎದ್ದೆ. ಹಸಿವೆಯಿಂದ ಎದ್ದ ಅಷ್ಟೊಂದು ಜನ ಒಬ್ಬ ಮನುಷ್ಯನನ್ನು ನೋಡುತ್ತ ನಿಂತಿದ್ದುದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಭಟ್ಟರು ಸಾರಿನ ಪಾತ್ರೆಯನ್ನು ನೆಲಕ್ಕಿಳಿಸಲಿಲ್ಲ. ಇಳಿಸಿದರೆ ಅದೂ ಮೈಲಿಗೆಯಾದೀತೆಂದು ಹಿಡಿದೇ ನಿಂತಿದ್ದರು.

ಆಮೇಲೆ ಕರೆದವರೆಲ್ಲ ಒಂದು ಮಾತು ಸೇರಿಸಿ ಕರೆದರು: ಭಟ್ಟರು ಒಳಗೇ ಇರಬೇಕು. ಒಳಗೇ ಇದ್ದರು. ಹುಣಸೂರಿನ ಒಂದು ಉಪನಯನದಲ್ಲಿ ಸಾರು ಕಡಲಿನಂತೆ ಉಪ್ಪಾಯಿತು. ಶಾಮಣ್ಣ ಹೋಗಿ ನೋಡಿಬಂದು, "ಎಲ್ರೂ ಸುಖವಾಗಿ ಉಣ್ತಿದಾರೆ" ಎಂದು ವರದಿ ಮಾಡಿದ್ದ. ಅವನಿಗೆ ಕಂಡದ್ದು ಅಷ್ಟು. ಭಟ್ಟರು ಅಂದು ಮನೆಗೆ ಬಂದು ಜಗಲಿಯ ಮೇಲೆ ಕುಳಿತು ನನ್ನನ್ನು ಕೂಗಿದರು.

"ಮೇಷ್ಟ್ರೇ, ಕುರುಡ ಅಡಿಗೆ ಮಾಡಬಹುದು. ಮೂಗಿಲ್ಲದೋನು ಮಾಡಬಹುದು. ಪಂಕ್ತೀಲಿ ನಡೀಲಾರದೋನು ಮಾಡೋ ಹಾಗಿಲ್ಲ. ನಾನಿನ್ನು ಏನಾಗಬೇಕು?"

ಅವರನ್ನು ಮೈಸೂರಿಗೆ ಕರೆದುಕೊಂಡು ಹೋದೆ.

ಅಲ್ಲಿನ ಡಾಕ್ಟರು ಕಡಲು ದಾಟಿ ಸೀಮೆಗೆ ಹೋಗಿ ಓದಿಬಂದವರು. ಪಾದವನ್ನು ಕೈಯಲ್ಲಿ ಹಿಡಿದು ಮೇಲಕ್ಕೆತ್ತಿ ಬಿಟ್ಟರು. ಅದು ಜೋಲುಬಿತ್ತು. ಮತ್ತೆ ಎತ್ತಿ ಹಿಡಿದುಕೊಂಡು, "ಹೀಗೆ ಯಾರಾದರೂ ಸದಾ ಹಿಡಿದುಕೊಂಡಿದ್ದರೆ ನೀವು ನಡೆಯುತ್ತೀರಿ. ಆ ಕೆಲಸ ಮಾಡುವುದಕ್ಕೆ ಒಂದು ಕಟ್ಟು ಮಾಡಿಸಿ" ಎಂದರು. ಮೊಣಕಾಲಿನ ಕೆಳಗೊಂದು ಪಟ್ಟಿ, ಕಾಲಿನ ಎರಡು ಪಕ್ಕಕ್ಕೂ ಕಬ್ಬಿಣದ ಸರಳು, ಅಂಗಾಲಿಗೆ ಆಸರೆ, ಬೆರಳು ಕೆಳಗೆ ಬೀಳದಂತೆ ತಡೆ. ಮಹಾಯುದ್ಧದಿಂದ ಬಂದ ಸಿಪಾಯಿಗಳಿಗೆ ಇಂಥದು ಕಟ್ಟಿ ನಡೆಸಿದ್ದಾರಂತೆ. ಕೊನೆಗೆ ಬಿಡಿಸಿ ಬಿಡಿಸಿ ಹೇಳಿದರು: "ಒಳಗೆ ಮೆತ್ತೆ ಇರಲಿ, ಒಣಗಿರಲಿ. ದಿನಾ ಬಿಚ್ಚಿ ಕಾಲು ನೋಡಿಕೊಳ್ಳಿ. ಹುಣ್ಣಾದರೆ ನಿಮಗೆ ನೋವಾಗುವುದಿಲ್ಲ." ನೋವಾಗುವುದಿಲ್ಲ ಎಂಬುದನ್ನು ಭಟ್ಟರು ಒಳ್ಳೆಯ ಸುದ್ದಿಯೆಂದು ತಿಳಿದು ಕೈಮುಗಿದರು.

ಹುಣಸೂರಿನಲ್ಲಿ ಬೂಟು ಹೊಲಿಯುವ ಸಿದ್ದ ಎಂಬವನಿದ್ದ. ದೊರೆಗಳ ಸವಾರಿ ಬೂಟು ಮಾಡಿದ್ದೇನೆಂದು ಎಲ್ಲರಿಗೂ ಹೇಳುವನು, ಕೇಳದವರಿಗೂ ಹೇಳುವನು. ಅವನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆವು. ಸಿದ್ದ ಅಳತೆಗೆ ಕಾಲು ಹಿಡಿಯಲು ಬಂದ. ಭಟ್ಟರು ಕಾಲನ್ನು ಕೈಯಿಂದೆತ್ತಿ ಗಾಡಿಯೊಳಕ್ಕೆ ಎಳೆದುಕೊಂಡರು.

"ಮುಟ್ಬೇಡ ಕಣಪ್ಪ. ದೂರದಿಂದಲೇ ನೋಡ್ಕೊ."

"ಮುಟ್ದೆ ಅಳತೆ ಯೋಳಕ್ಕೆ ನಾನೇನ್ ಜೋಯಿಸ್ನಾ ಬುದ್ದಿ?" ಎಂದ ಸಿದ್ದ. "ದೊರೆಗೋಳು ಕಾಲ್ ಕೊಟ್ಟವ್ರೆ ನಂಗೆ. ಇಲ್ಲೀಗಂಟ ಒಬ್ರದೂ ಸವ್ದಿಲ್ಲ."

ಈ ಬಿಕ್ಕಟ್ಟನ್ನು ಬಗೆಹರಿಸಲು ಇಬ್ಬರು ನ್ಯಾಯಾಧೀಶರು ಬೇಕಾಗಿತ್ತು. ಕೊನೆಗೆ ಸಿದ್ದನೇ ಹದವಾದ ಜೇಡಿಮಣ್ಣು ಕಲಸಿ ಹಲಗೆಯ ಮೇಲೆ ಹರಡಿ ದೂರ ಸರಿದು ನಿಂತ. ಭಟ್ಟರು ಅದರಲ್ಲಿ ಕಾಲೂರಿ ತೆಗೆದರು. ಸಿದ್ದ ಆ ಅಚ್ಚನ್ನು ಬಹಳ ಹೊತ್ತು ನೋಡಿ, "ಕಾಲು ಮಣ್ಣಿಗೆ ಕೊಡ್ಬೌದು, ನಂಗೆ ಕೊಡಂಗಿಲ್ಲ. ಆಗ್ಲಿ ಬುಡಿ" ಎಂದ. ಭಟ್ಟರು ಕೇಳಿಸದವರಂತೆ ಎತ್ತುಗಳನ್ನು ನೋಡುತ್ತಿದ್ದರು. ನನಗೆ ಕೇಳಿಸಿತು.

ಕಟ್ಟು ಸೊಗಸಾಗಿ ಬಂತು. ಚರ್ಮ, ಕಬ್ಬಿಣ, ಕೆಳಗೊಂದು ಬೂಟು. ಅದನ್ನು ಕಟ್ಟಿಕೊಂಡು ಭಟ್ಟರು ನಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ಬೆರಳು ಗೀಚದೆ ನಡೆದರು. ಸಾವಿತ್ರಮ್ಮನವರು ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. ನಡೆದು ಬಂದವರು ಹೊಸಿಲಿನ ಮುಂದೆ ನಿಂತರು. ಚರ್ಮ ಒಳಗೆ ಬರುವಂತಿಲ್ಲ. ಬಿಚ್ಚಿ ಜಗಲಿಯ ಕೆಳಗೆ, ಚಪ್ಪಲಿಗಳ ಪಕ್ಕದಲ್ಲಿಟ್ಟು, ಗೋಡೆ ಹಿಡಿದು ಕಾಲೆಳೆಯುತ್ತ ಒಳಗೆ ಹೋದರು. ಹೀಗೆ ಭಟ್ಟರು ಅವಶ್ಯಕತೆಯಿಲ್ಲದ ಕಡೆಯಲ್ಲೆಲ್ಲ ಚೆನ್ನಾಗಿ ನಡೆಯುವ ಮನುಷ್ಯರಾದರು.

ಹಿತ್ತಾಳೆಯ ಯೋಚನೆ ಅವರದೇ. ಹಿತ್ತಾಳೆಗೆ ಮೈಲಿಗೆಯಿಲ್ಲ, ಹುಣಿಸೆಹಣ್ಣು ಹಾಕಿ ತಿಕ್ಕಿದರೆ ಶುದ್ಧ. ಸಿದ್ದನ ಕಟ್ಟನ್ನೇ ಮಾದರಿಯಾಗಿಟ್ಟು ಪಾತ್ರೆ ಮಾಡುವವನ ಕೈಯಲ್ಲಿ ಹಿತ್ತಾಳೆ ಪಟ್ಟಿ, ಹಿತ್ತಾಳೆ ಸರಳು, ಅಂಗಾಲಿಗೆ ಹಿತ್ತಾಳೆ ತಗಡು ಮಾಡಿಸಿದರು. ಕಟ್ಟಲು ರೇಷ್ಮೆ ಹುರಿ. ಒಳಗೆ ಬಿಳಿ ಬಟ್ಟೆಯಲ್ಲಿ ಹೊಲಿದ ಹತ್ತಿಯ ಮೆತ್ತೆ. ಕಾಲಿಗೆ ಕಟ್ಟಿದಾಗ ಉತ್ಸವಮೂರ್ತಿಯ ಕವಚವೊಂದು ಕಳಚಿ ಭಟ್ಟರ ಮೇಲೆ ಬಂದು ಕೂತಂತೆ ಕಾಣುತ್ತಿತ್ತು. ಪುರೋಹಿತರು ಸುತ್ತಲೂ ತಿರುಗಿ ನೋಡಿ, ಇದಕ್ಕೆ ನಿಷೇಧ ಎಲ್ಲಿಯೂ ಹೇಳಿಲ್ಲವೆಂದು ತೀರ್ಮಾನ ಕೊಟ್ಟರು. ಶಾಸ್ತ್ರಕಾರರಿಗೆ ಲಕ್ವ ಹೊಡೆದಿರಲಿಲ್ಲವೆಂದು ಕಾಣುತ್ತದೆ.

ಆ ವೈಶಾಖ ಭಟ್ಟರ ವೈಶಾಖ. ಲಗ್ನದ ಮೇಲೆ ಲಗ್ನ. ಕಟ್ಟು ಕಟ್ಟಲೆಂದು ಸಾವಿತ್ರಮ್ಮನವರೂ ಜೊತೆಗೆ ಹೋಗತೊಡಗಿದರು. ಪಿರಿಯಾಪಟ್ಟಣದ ಒಂದು ದೊಡ್ಡ ಮದುವೆಗೆ ನಾನೂ ಹೋಗಿದ್ದೆ. ಕಲ್ಲುಹಾಸಿನ ಮೇಲೆ ಟಣ್ ಟಣ್ ಎಂದು ಸಪ್ಪಳ ಮಾಡುತ್ತ ಭಟ್ಟರು ಪಂಕ್ತಿಗೆ ಬಂದರು. ಎಲೆಗಳಿಗೆ ಗೇಣು ದೂರದಲ್ಲಿ ಪಾದ ನೆಟ್ಟಗೆ ಎದ್ದು ನೆಟ್ಟಗೆ ಕೂರುತ್ತಿತ್ತು. ತಿರುಗಿ ಬರುವಾಗ ಅವರ ಕಣ್ಣು ಒಂದೊಂದು ಮುಖದ ಮೇಲೂ ಒಂದು ಕ್ಷಣ ನಿಂತು ಮುಂದಕ್ಕೆ ಹೋಗುವುದನ್ನು ಕಂಡೆ. ಒಳಗೆ ಹೋದರು. ಎರಡನೆಯ ಸಲ ಬಂದ ಸಾರನ್ನು ಉಂಡ ಮುದುಕರೊಬ್ಬರು ಸುಮ್ಮನೆ ತಲೆದೂಗಿದರು. ಭಟ್ಟರು ನನ್ನತ್ತ ನೋಡಿ ಹುಬ್ಬು ಹಾರಿಸಿದರು. ಅಷ್ಟು ಸಂತೋಷವಾಗಿದ್ದ ಮನುಷ್ಯನನ್ನು ನೋಡಿದರೆ ಏಕೋ ಹೆದರಿಕೆಯಾಗುತ್ತದೆ.

ಹಿಂದಿರುಗುವಾಗ ಅವರ ಗಾಡಿಯಲ್ಲೇ ನನಗೂ ಜಾಗ ಕೊಟ್ಟರು. ದಾರಿಯಲ್ಲಿ ಒಂದು ವಾಸನೆ. ಮಿಕ್ಕ ಮಜ್ಜಿಗೆ ಪಳದ್ಯವನ್ನು ಯಾರೋ ಕಟ್ಟಿಕೊಟ್ಟಿದ್ದಾರೆ, ಬಿಸಿಲಿಗೆ ಹಳಸಿದೆ ಎಂದುಕೊಂಡು ನಾನು ಗಂಟುಮೂಟೆಗಳನ್ನು ಸರಿಸಿ ನೋಡಿದೆ. ಏನೂ ಇರಲಿಲ್ಲ. ಭಟ್ಟರ ಕಾಲಿನ ಬಳಿ ಬಗ್ಗಿದಾಗ ತಿಳಿಯಿತು.

"ಭಟ್ರೇ, ಕಟ್ಟು ಬಿಚ್ಚಿ."

"ಯಾಕಯ್ಯ? ನೋವಿಲ್ಲ, ಏನಿಲ್ಲ."

"ಬಿಚ್ಚಿ."

ಕೆರೆಯೊಂದರ ಏರಿಯ ಬಳಿ ಗಾಡಿ ನಿಲ್ಲಿಸಿ ಸಾವಿತ್ರಮ್ಮನವರು ರೇಷ್ಮೆ ಹುರಿ ಬಿಚ್ಚಿದರು. ಮೆತ್ತೆ ಒದ್ದೆಯಾಗಿತ್ತು. ಅದನ್ನು ತೆಗೆದಾಗ ಅದರ ಜೊತೆಯಲ್ಲಿ ಹಿಮ್ಮಡಿಯ ಚರ್ಮವೂ ಬಂತು. ಕೆಳಗೆ ಕಪ್ಪಾಗಿತ್ತು. ಆಕೆ ಆ ಮೆತ್ತೆಯನ್ನು ಕೈಯಲ್ಲಿ ಹಿಡಿದುಕೊಂಡು ಒಮ್ಮೆ ಗಂಡನ ಮುಖವನ್ನು, ಒಮ್ಮೆ ನನ್ನ ಮುಖವನ್ನು ನೋಡಿದರು.

"ಇದು ಯಾಕೆ ಒದ್ದೆ?" ಎಂದೆ.

"ಮಡಿಗೆ" ಎಂದರು ಭಟ್ಟರು. "ಬಟ್ಟೆ ಅಂದಮೇಲೆ ಒಗೀಬೇಡವೆ? ಒಗೆದಿದ್ದನ್ನ ಪರರ ಮನೇಲಿ, ನೂರು ಜನ ಓಡಾಡೋ ಕಡೆ, ಯಾರೂ ಮುಟ್ಟದ ಹಾಗೆ ಎಲ್ಲಿ ಒಣಗಿಸೋದು? ಹಿಂಡಿ ಒದ್ದೇಲೇ ಕಟ್ಟು ಅಂದೆ. ಒಲೆ ಶಾಖಕ್ಕೆ ಒಣಗಿಕೊಳ್ಳುತ್ತೆ ಅಂತ."

"ಡಾಕ್ಟರು ದಿನಾ ಬಿಚ್ಚಿ ನೋಡಿ ಅಂದಿದ್ರಲ್ಲ?"

"ನೋಡೋಕೆ ಹೊತ್ತೆಲ್ಲಿತ್ತು? ಬೆಳಿಗ್ಗೆ ಕತ್ತಲೆಯಲ್ಲಿ ಇವಳು ಮೆತ್ತೆ ಬದಲಾಯಿಸೋಳು. ನನಗೆ ತಣ್ಣಗಿದ್ದದ್ದೂ ಗೊತ್ತಾಗ್ತಿರಲಿಲ್ಲ."

ವೈಶಾಖವೆಲ್ಲ ಹೀಗೆ ನಡೆದಿತ್ತು. ಗಾಡಿಯವನು ಎತ್ತುಗಳನ್ನು ಕೆರೆಗೆ ಬಿಟ್ಟಿದ್ದವನು ಬಂದು ನೋಡಿ, "ಅಯ್ಯೋ, ಬಿರ್ರನೆ ನಡೀರಿ ಸ್ವಾಮಿ, ಆಸ್ಪತ್ರೆಗೆ" ಎಂದು ತಾನೇ ನೊಗ ಎತ್ತಿದ.

ಮೈಸೂರಿನ ಆಸ್ಪತ್ರೆಯ ಹಜಾರದಲ್ಲಿ ನಾನೂ ಸಾವಿತ್ರಮ್ಮನವರೂ ಕಾಯುತ್ತ ಕುಳಿತಿದ್ದೆವು. ಆಮೇಲೆ ಆಕೆ ಯಾರಿಗೋ ಅಡಿಗೆಯ ವಿಚಾರ ಹೇಳುವ ದನಿಯಲ್ಲಿ ಹೇಳಿದರು:

"ಮೇಷ್ಟ್ರೇ, ಮನೇಲಿ ಅತ್ತೆಯವರ ಧಾಬಳಿ ಇತ್ತು. ಪೆಟ್ಟಿಗೇಲಿ. ಉಣ್ಣೆಗೆ ಮೈಲಿಗೆ ಇಲ್ಲ ಅಲ್ವೆ? ಒಗೆಯೋದೇ ಬೇಕಿಲ್ಲ. ಅದರದೊಂದು ತುಂಡು ಕತ್ತರಿಸಿ ಇಟ್ಟಿದ್ರೆ ಒಣಗೇ ಇರ್ತಿತ್ತು. ಮಡಿಯೂ ಆಗ್ತಿತ್ತು."

ಪುರೋಹಿತರು, ಬೀಗರು, ನಾಲ್ಕು ಶಾಸ್ತ್ರ ಓದಿದವರು, ಎಲ್ಲರೂ ಆ ಕಾಲಿನ ಮುಂದೆ ಕುಳಿತು ಉಂಡಿದ್ದರು. ಅವರಲ್ಲಿ ಅರ್ಧ ಜನ ಧಾಬಳಿ ಹೊದ್ದಿದ್ದರು.

"ನಾನೇ ಕಟ್ಟಿದೆ. ಹಿಂಡಿ ಹಿಂಡಿ ಕಟ್ಟಿದೆ" ಎಂದರು ಆಕೆ. ಎರಡು ಕೈಗಳನ್ನೂ ಮಡಿಲಲ್ಲಿ ಮಗುಚಿ ಇಟ್ಟುಕೊಂಡಿದ್ದರು, ತಮ್ಮವಲ್ಲವೆಂಬಂತೆ.

ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕೆಂದು ಡಾಕ್ಟರು ಹೇಳಿದಾಗ ಭಟ್ಟರು ಅಳಲಿಲ್ಲ. ವಿಚಾರಣೆ ಮಾಡಿದರು.

"ಆಮೇಲೆ ಮರದ ಕಾಲು ಕೊಡ್ತೀರೋ?"

"ಕೊಡುತ್ತೇವೆ."

"ನಿಲ್ಲುತ್ತೋ?"

"ನಿಮ್ಮ ಈ ಪಾದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. ಅದು ಜೋಲುಬೀಳುವುದಿಲ್ಲವಲ್ಲ."

"ಪಟ್ಟಿ ಯಾವುದರದು?"

ಡಾಕ್ಟರು ನನ್ನ ಕಡೆ ನೋಡಿ, ಹಿಂಜರಿದು, "ಚರ್ಮದ್ದು" ಎಂದರು.

"ಆಗಲಿ. ಕಾಲೇ ಹೋದಮೇಲೆ ಮಡಿ ಯಾವುದಕ್ಕೆ ಕಟ್ಟೋದು?"

ಮರದ ಕಾಲು ನಿಜವಾಗಿಯೂ ಚೆನ್ನಾಗಿ ನಿಂತಿತು. ಲಕ್ವ ಹೊಡೆದ ಮೇಲೆ ಅವರು ಅಷ್ಟು ಹಗುರಾಗಿ ನಡೆದದ್ದೇ ಇಲ್ಲ. ಬಿಟ್ಟಿದ್ದರೆ ಪಂಕ್ತಿಯ ಈ ತುದಿಯಿಂದ ಆ ತುದಿಗೆ ಯಾವ ಎಲೆಯೂ ಅಲುಗದಂತೆ ನಡೆದುಬಿಡುತ್ತಿದ್ದರು. ಆದರೆ ಯಾವ ಪಂಕ್ತಿಯೂ ಅವರನ್ನು ಒಳಗೆ ಬಿಡಲು ಸಿದ್ಧವಿರಲಿಲ್ಲ. ಅಂಗಹೀನರು, ಅದರ ಮೇಲೆ ಚರ್ಮ. ಕರೆಯುತ್ತಿದ್ದವರು ಶಾಮಣ್ಣನನ್ನು ಕರೆದರು. ಮನೆಯಲ್ಲಿಯೂ ಅವರ ಎಲೆ ನಡುಮನೆಯಿಂದ ಜಗಲಿಗೆ ಬಂತು. ಹಾಗೆಂದು ಯಾರೂ ಹೇಳಿರಲಿಲ್ಲ. ಅವರೇ ಬಂದು ಕುಳಿತರು, ಸಾವಿತ್ರಮ್ಮನವರು ಅಲ್ಲಿಗೇ ತಂದು ಬಡಿಸಿದರು. ಬಡಿಸಿ ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದರು. ಎದುರು ಮನೆಯ ಕಿಟಕಿಯಿಂದ ನಾನು ಅದನ್ನು ನೋಡದಿರಲು ಯತ್ನಿಸುತ್ತಿದ್ದೆ.

ಮರುವರ್ಷ ಭಟ್ಟರು, "ಕೋಟೇಲಿ ತಂಗಿ ಮನೆಗೆ ಹೋಗಿ ಸ್ವಲ್ಪ ದಿವಸ ಇದ್ದು ಬರ್ತೀನಿ" ಎಂದು ಹೊರಟರು. ಬರಲಿಲ್ಲ.

ಆಗ ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು, ಓಡುವುದಕ್ಕಿಂತ ಹೆಚ್ಚಾಗಿ ನಿಲ್ಲುತ್ತಿದ್ದವು. ಸ್ಕೂಲಿನ ಕೆಲಸದ ಮೇಲೆ ನಾನು ಕೋಟೆಗೆ ಹೊರಟಾಗ ಸಾವಿತ್ರಮ್ಮನವರು ಬಾಗಿಲಿಗೆ ಬಂದು, "ಅವರ ತಂಗಿ ಮನೆಗೂ ಹೋಗಿ ನೋಡ್ಕೊಂಡು ಬನ್ನಿ" ಎಂದಿದ್ದರು. ಬಸ್ಸು ಕೋಟೆಗೆ ಮೊದಲು ಸಿಗುವ ಹ್ಯಾಂಡ್‌ಪೋಸ್ಟಿನಲ್ಲಿ ನಿಂತು ಉಸಿರು ಬಿಟ್ಟಿತು. ಡ್ರೈವರು ಇಳಿದು ಹೋದ. ನಾನು ಹಸಿವೆ ತಾಳಲಾರದೆ ಕವಲುದಾರಿಯ ಪಕ್ಕದ ಹುಲ್ಲು ಮಾಡಿನ ಹೋಟೆಲಿಗೆ ನುಗ್ಗಿದೆ.

ಬೆಂಚುಗಳ ನಡುವೆ ಸಾರಿನ ಬಕೀಟು ಹಿಡಿದು ಭಟ್ಟರು ನಡೆಯುತ್ತಿದ್ದರು. ಮಣ್ಣು ನೆಲದಲ್ಲಿ ಮರದ ಕಾಲು ಸದ್ದು ಮಾಡುತ್ತಿರಲಿಲ್ಲ. ಬೆಂಚುಗಳ ಮೇಲೆ ಗಾಡಿಯವರು, ಕಾಡಿನಲ್ಲಿ ಮರ ಕಡಿಯುವ ಕೂಪಿನ ಆಳುಗಳು, ಕಾಡಂಚಿನ ಹಾಡಿಗಳಿಂದ ಕೂಲಿಗೆ ಬಂದವರು. ಎಲೆಗೆ ಅನ್ನ ಬೀಳುವುದೇ ತಡ, ಕೈ ಕಾಣುತ್ತಿರಲಿಲ್ಲ. ಭಟ್ಟರು ಕೊನೆಯವರೆಗೂ ಬಡಿಸಿ, ತಿರುಗಿ, ಒಂದೊಂದು ಮುಖವನ್ನೂ ನೋಡುತ್ತ ಬಂದರು. ಕೊನೆಗೆ ನನ್ನ ಮುಖಕ್ಕೆ ಬಂದರು. ಬೆಚ್ಚಿದರೂ ಬಕೀಟು ಅಲುಗಲಿಲ್ಲ.

"ಕೂತ್ಕೊಳ್ಳಿ ಮೇಷ್ಟ್ರೇ. ಇಲ್ಲಿ ಉಣ್ತೀರೋ?"

"ಉಣ್ತೀನಿ."

ಬಡಿಸಿದರು. ನನ್ನ ಪಕ್ಕದಲ್ಲಿಯೇ ನಿಂತು, ಉಣ್ಣುತ್ತಿದ್ದ ಜನರ ಕಡೆ ಕಣ್ಣು ಮಾಡಿ, ತಗ್ಗಿದ ದನಿಯಲ್ಲಿ ಹೇಳಿದರು: "ನಡೀಬಹುದು ಇಲ್ಲಿ. ಯಾರೂ ಕಾಲು ನೋಡೋಲ್ಲ. ಆದರೆ ಇವರ ಮುಖದಲ್ಲಿ ಉಪ್ಪು ಕಾಣೋಲ್ಲ ಕಣಯ್ಯ. ಹಸಿವೆ ಒಂದೇ ಕಾಣೋದು. ದಿನಾ ನೋಡ್ತೀನಿ, ದಿನಾ ಅದೇ."

"ನೈವೇದ್ಯವಿಲ್ಲವಲ್ಲ ಇಲ್ಲಿ. ನೀವೇ ರುಚಿ ನೋಡಬಹುದು."

"ನೋಡಿದೆ. ನನ್ನ ನಾಲಗೆಗೆ ಏನೂ ತಿಳಿಯೋಲ್ಲ."

ಅಷ್ಟರಲ್ಲಿ ಆಚೆ ಬೆಂಚಿನಿಂದ ಒಬ್ಬ ಗಾಡಿಯವ ಕೂಗಿದ: "ಅಯ್ನೋರೆ! ಸಾರ್ಗೆ ಉಪ್ ಆಕಾದ್ ಮರ್ತ್ಬುಟ್ರಾ? ಸಪ್ಪೆ ಕಣ್ರೀ!"

ಜನ ನಕ್ಕರು. ಕೆಟ್ಟ ನಗೆಯೇನಲ್ಲ. ಇನ್ನೊಬ್ಬ, "ನಿಂಗ್ಯಾಕ್ಲಾ ಉಪ್ಪು, ತಿಂದ್ಬುಟ್ಟು ಎದ್ದೇಳ್ಲಾ" ಎಂದ. ಮೂರು ತಾಲ್ಲೂಕುಗಳಲ್ಲಿ ಯಾರೂ ಬಾಯಿಬಿಟ್ಟು ಹೇಳುವ ಪ್ರಸಂಗ ಬರಗೊಡದಿದ್ದ ಮಾತದು. ಭಟ್ಟರ ಕಿವಿಗಳು ಕೆಂಪಾದವು. ಒಳಗೆ ಹೋಗಿ ಉಪ್ಪು ತಂದು ಆ ಗಾಡಿಯವನ ಎಲೆಗೆ ತಾವೇ ಹಾಕಿ, ಅವನು ಕಲಸಿ ನುಂಗುವವರೆಗೂ ಮುಂದೆ ನಿಂತಿದ್ದರು. ಅವನು ತಲೆಯೆತ್ತಿ ಕೂಡ ನೋಡಲಿಲ್ಲ.

ಬಸ್ಸಿನವನು ಹಾರನ್ ಒತ್ತಿದ. ನಾನು ಕೈತೊಳೆದು ಬಂದಾಗ ಭಟ್ಟರು ಹೊರಗೆ ಬಂದು ನಿಂತಿದ್ದರು.

"ನಿಮ್ಮ ತಂಗಿ ಮನೆಗೆ ಹೋಗಿ ನೋಡ್ಕೊಂಡು ಬನ್ನಿ ಅಂದಿದಾರೆ ಸಾವಿತ್ರಮ್ಮನೋರು. ಏನು ಹೇಳಲಿ?" ಎಂದೆ.

ಅವರು ಕೈ ಒರೆಸಿಕೊಂಡರು.

"ನಡೀತಿದಾರೆ ಅಂತ ಹೇಳಿ. ಚೆನ್ನಾಗಿ ನಡೀತಿದಾರೆ ಅಂತ. ಎಲ್ಲಿ ಅಂತ ಮಾತ್ರ ಹೇಳಬೇಡಿ."

ಊರಿಗೆ ಬಂದು ಹಾಗೆಯೇ ಹೇಳಿದೆ. ಸಾವಿತ್ರಮ್ಮನವರು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡರು. ಎಲ್ಲಿ ಎಂದು ಕೇಳಿದರೆ ಹೇಳಲು ತಂಗಿಯ ಮನೆ, ಅಂಗಳ, ದೇವಸ್ಥಾನದ ದಾರಿ ಎಂದೆಲ್ಲ ಬಸ್ಸಿನಲ್ಲಿಯೇ ಒಂದು ಸುಳ್ಳನ್ನು ಹೊಂದಿಸಿಟ್ಟುಕೊಂಡಿದ್ದೆ. ಆಕೆ ಕೇಳಲಿಲ್ಲ. "ಕಾಲು ಒಣಗಿತ್ತೇನು?" ಎಂದಷ್ಟೇ ಕೇಳಿದರು.